ಮಳೆಗಾಲದ ಸಾಮಾನು ಮತ್ತು ಅವ್ವನ ಬ್ಯಾಗು

ಕರಾವಳಿಗೆ ಬಂದ ಹೊಸತರಲ್ಲಿ ಎಲ್ಲರೂ ನನಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಮಳೆಗಾಲದ ಸಾಮಾನೆಲ್ಲ ಆತಾ?" ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವರು ಕೇಳಿದರು, ಹಳದೀಪುರದ ಬಸ್ ನಿಲ್ದಾಣದಲ್ಲಿ ಹೂ ಮಾರುವ ಹೆಂಗಸು ಕೇಳಿದಳು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೂ ಕೇಳಿದ. ಹೊರಗೆ ಮೇ ತಿಂಗಳ ಬಿಸಿಲು, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ನಾನು ಹೆಮ್ಮೆಯಿಂದ ಚೀಲದೊಳಗಿನ ಹೊಸ ಛತ್ರಿ ತೆಗೆದು ತೋರಿಸುತ್ತಿದ್ದೆ. ಅವರು ಛತ್ರಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಪಾಪ ಅನ್ನುವ ಹಾಗೆ ನಗುತ್ತಿದ್ದರು.

ನಾನು ವಿಜಯಪುರದವಳು. ನಮ್ಮಲ್ಲಿ ಮಳೆ ಬಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಾರೆ, ನಿಂತ ಮೇಲೆ ಅದರ ಬಗ್ಗೆ ಎರಡು ದಿನ ಮಾತಾಡುತ್ತಾರೆ. ಬ್ಯಾಂಕಿನವರು ಒಂದು ಬಡ್ತಿ ಕೊಟ್ಟು, ಅದರ ಬೆನ್ನಿಗೇ ಕುಮಟಾ ಶಾಖೆಗೆ ವರ್ಗ ಮಾಡಿದ್ದರು. ಕುಮಟಾದಲ್ಲಿ ಮನೆ ಹುಡುಕಿ ಸಾಕಾಗಿ, ಹೊನ್ನಾವರದ ದಾರಿಯಲ್ಲಿರುವ ಹಳದೀಪುರದಲ್ಲಿ ಒಂದು ಮನೆಯ ಮಹಡಿ ಹಿಡಿದೆ. ನಾನು ಮದುವೆಯಾಗದೆ ಉಳಿದವಳು. ಹೊಸ ಊರಿನಲ್ಲಿ ಒಬ್ಬಳೇ ಹೇಗಿರುತ್ತೀಯೆಂದು ಅವ್ವ ಜೊತೆಗೆ ಬಂದಳು.

ಬಂದಳೇನೋ ನಿಜ, ಆದರೆ ಷರತ್ತು ಹಾಕಿಕೊಂಡು ಬಂದಿದ್ದಳು. ಅಣ್ಣನ ಮನೆಯಿಂದ ಹೊರಡುವ ದಿನವೇ ಹೇಳಿದ್ದಳು, "ನಾಗರಪಂಚಮಿ ತನಕ ಇರ್ತೀನಿ. ಪಂಚಮಿಗೆ ಊರಿಗೆ ಹೊಕ್ಕೀನಿ. ಮಗಳ ಮನಿಯಾಗ ಕಾಯಂ ಕುಂತ್ರ ನಾಕ ಮಂದಿ ಏನಂತಾರ?" ಆ ನಾಲ್ಕು ಮಂದಿ ಯಾರೆಂದು ನಾನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ, ಇನ್ನೂ ಒಬ್ಬರ ಪರಿಚಯವನ್ನೂ ಮಾಡಿಸಿಲ್ಲ. ಮಾತಿಗೆ ಸಾಕ್ಷಿಯಾಗಿ ಎರಡು ಬ್ಯಾಗು ತಂದಿದ್ದಳು. ಒಂದು, ದಿನಬಳಕೆಯದು. ಇನ್ನೊಂದು ಕಂದು ಬಣ್ಣದ ದೊಡ್ಡ ಬ್ಯಾಗು, ಅದರಲ್ಲಿ ಊರಿಗೆ ಮರಳುವಾಗ ಬೇಕಾಗುವ ಒಳ್ಳೆಯ ಸೀರೆಗಳು. ವಿಜಯಪುರದಲ್ಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಡುನಡುವೆ ಒಣ ಬೇವಿನೆಲೆ ಇಟ್ಟು, ಜಿಪ್ಪೆಳೆದು, ಇಲ್ಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದಳು. ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು. ನನಗೆ ಅವ್ವ ಬೇಕಾಗಿತ್ತು. ನಲವತ್ತೆರಡು ವರ್ಷದ ಬ್ಯಾಂಕ್ ಅಧಿಕಾರಿಗೆ ಹೀಗೆ ಹೇಳಿಕೊಳ್ಳಲು ನಾಚಿಕೆ, ಅದಕ್ಕೆ ಹೇಳಿರಲಿಲ್ಲ ಅಷ್ಟೆ.

ಛತ್ರಿ ತೋರಿಸುವ ನನ್ನ ಚಟ ಬಿಡಿಸಿದವರು ಕೆಳಗಿನ ಮನೆಯ ಅಕ್ಕ. ಅವರೇ ಮನೆಯ ಒಡತಿ. ಯಜಮಾನರು ಭಟ್ಕಳದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುವವರು, ಒಬ್ಬಳೇ ಮಗಳನ್ನು ಭಟ್ಕಳದ ಹತ್ತಿರದ ಹೆಬಳೆಗೆ ಕೊಟ್ಟಿತ್ತು. ಹೀಗಾಗಿ ಅಕ್ಕನಿಗೆ ಆಳಲು ಸಿಕ್ಕವರು ನಾವಿಬ್ಬರೇ. ಒಂದು ದಿನ ನನ್ನ 'ತುರ್ತು ಸಾಮಾನಿನ ಪಟ್ಟಿ' ಅವರ ಕೈಗೆ ಸಿಕ್ಕಿತು. ಮೊಬೈಲಿನಲ್ಲಿ ಓದಿ, ಮೂರು ದಿನ ಕೂತು ಮಾಡಿದ ಪಟ್ಟಿ ಅದು: ಟಾರ್ಚು, ಬ್ಯಾಟರಿ ಸೆಲ್ಲು, ಮೇಣದ ಬತ್ತಿ, ಬೆಂಕಿಪೊಟ್ಟಣ, ಪವರ್ ಬ್ಯಾಂಕು, ಜ್ವರದ ಮಾತ್ರೆ, ಬ್ಯಾಂಡೇಜು, ಆಧಾರ್ ಕಾರ್ಡಿನ ಜೆರಾಕ್ಸು ಎರಡು ಪ್ರತಿ, ಒಂದು ಸೀಟಿ.

"ಸೀಟಿ ಎಂತಕ್ಕೆ?" ಅಂದರು ಅಕ್ಕ.

"ಸಿಕ್ಕಿಹಾಕಿಕೊಂಡರೆ ಊದಿ ಕರೆಯೋಕೆ."

"ನೀವು ಮೇಲಿಂದ 'ಅಕ್ಕಾ' ಅಂದ್ರೆ ನಂಗೆ ಕೇಳ್ತದೆ ಮೇಡಮ್. ಇದ್ರಲ್ಲಿ ತಿನ್ನೂದು ಎಂತ ಬರ್ದೀರಿ? ಜೆರಾಕ್ಸು ಬೇಯಿಸ್ಕಂಡು ತಿಂತ್ರಾ?"

ಹಾಗೆಂದವರೇ ನನ್ನನ್ನು ತಮ್ಮ ಹಿಂದಿನ ಅಡಿಗೆಮನೆಗೆ ಎಳೆದುಕೊಂಡು ಹೋಗಿ ಒಲೆಯ ಮೇಲಿನ ಅಟ್ಟ ತೋರಿಸಿದರು. ನಾನು ಕತ್ತು ಎತ್ತಿ ನೋಡಿದವಳು ಸುಮಾರು ಹೊತ್ತು ಇಳಿಸಲಿಲ್ಲ. ತೆಂಗಿನಕಾಯಿ ರಾಶಿ, ಜಡೆ ಹೆಣೆದ ಹಾಗೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ, ಹಲಸಿನ ಹಪ್ಪಳದ ಡಬ್ಬಿ, ಉಪ್ಪುನೀರಿಗೆ ಹಾಕಿದ ಮಾವಿನಕಾಯಿಯ ಭರಣಿ, ಸಾರಿನ ಹುಳಿಗೆ ಮುರುಗಲ ಸಿಪ್ಪೆ, ಬೆಲ್ಲ, ಕಾಗಾಲದಿಂದ ತರಿಸಿದ ಕೆಂಪಕ್ಕಿ, ಒಣಗಿದ ಕಟ್ಟಿಗೆ, ತೆಂಗಿನ ಗರಿ, ಗರಟೆ. ಮೂಲೆಯ ದೊಡ್ಡ ಡಬ್ಬಿಯಲ್ಲಿ ಒಣಮೀನು. ಬೆಂಕಿಪೊಟ್ಟಣಗಳು ಅಕ್ಕಿಯ ಡಬ್ಬಿಯೊಳಗೆ ಹೂತು ಕೂತಿದ್ದವು. ಮಳೆಗಾಲ ನಾಲ್ಕು ತಿಂಗಳಲ್ಲ, ನಾಲ್ಕು ವರ್ಷ ಬಂದರೂ ಆ ಅಟ್ಟ ಹೆದರುವಂತಿರಲಿಲ್ಲ.

ಮುಂದಿನ ಭಾನುವಾರವೇ ಅಕ್ಕ ನಮ್ಮನ್ನು ಹೊರಡಿಸಿದರು. ಕುಮಟಾ ದಾಟಿ ಹೆದ್ದಾರಿಯ ಅಂಚಿನಲ್ಲಿ ಈರುಳ್ಳಿ ಗೊಂಚಲು ಕಟ್ಟಿಕೊಂಡು ಕೂತ ಹೆಂಗಸರ ಹತ್ತಿರ ಅಕ್ಕ ಚೌಕಾಸಿಗೆ ನಿಂತರು. ಅವರು ಕೊಂಕಣಿಯಲ್ಲಿ ಜಗಳ ಶುರುಮಾಡಿ ಕನ್ನಡದಲ್ಲಿ ರಾಜಿಯಾಗುತ್ತಿದ್ದರು. ಅವ್ವ ಒಂದು ಈರುಳ್ಳಿ ಕಿತ್ತು ಅಲ್ಲೇ ಕಚ್ಚಿ ತಿಂದು, "ಉಳ್ಳಾಗಡ್ಡಿ ಅಂದ್ರ ಕಣ್ಣಾಗ ನೀರ ಬರಬೇಕು. ಇದೇನ ಬೆಲ್ಲ ತಿಂದಂಗ ಐತಿ" ಎಂದು ತೀರ್ಪು ಕೊಟ್ಟಳು. ತೀರ್ಪು ಕೊಟ್ಟರೂ ಎರಡು ಜಡೆ ಅವಳೇ ಹೆಗಲಿಗೆ ಹಾಕಿಕೊಂಡಳು. ವಾಪಸು ಬಸ್ಸಿನಲ್ಲಿ ಕಂಡಕ್ಟರ್ ಆ ಜಡೆಗಳನ್ನು ನೋಡಿ, "ಮಳೆಗಾಲದ್ದು ಆತು ಹಾಗಾರೆ" ಅಂದ. ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು.

ಆದರೆ ಅವ್ವನಿಗೆ ತನ್ನದೇ ಪಟ್ಟಿ ಇತ್ತು. ಅದರಲ್ಲಿ ಎರಡೇ ಐಟಮ್ಮು, ನೀರು ಮತ್ತು ರೊಟ್ಟಿ. ನೀರು ಬಾರದ ಬೇಸಿಗೆಗಳನ್ನು ಕಂಡವಳು ಅವಳು. ಕೊಡ, ತಪ್ಪೇಲಿ, ಬಕೆಟ್ಟು, ಕೊನೆಗೆ ಒಂದು ನೀಲಿ ಡ್ರಮ್ಮು ತರಿಸಿ ಅದನ್ನೂ ತುಂಬಿ ಮುಚ್ಚಿಟ್ಟಳು. ಎರಡು ದಿನಕ್ಕೊಮ್ಮೆ ಹಳೆಯದು ಚೆಲ್ಲಿ ಹೊಸದು ತುಂಬುವುದು. ಅಕ್ಕ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲಿ ನೀರು ತುಂಬಿ ಇಡೂದಾ ಅಮ್ಮ? ಜೂನ್ ಬರ್ಲಿ, ಬಾಗ್ಲು ತೆಗ್ದ್ರೆ ಸಾಕು, ಅದೇ ಒಳಗೆ ಬತ್ತದೆ."

ಅವ್ವ ಸೊಪ್ಪು ಹಾಕಲಿಲ್ಲ. ಡ್ರಮ್ಮು ಮುಗಿದ ಮೇಲೆ ರೊಟ್ಟಿಗೆ ಕೂತಳು. ಬಸ್ಸಿನಲ್ಲಿ ಊರಿಂದ ತಂದ ಜೋಳದ ಹಿಟ್ಟು ಒಂದು ಚೀಲ ಇತ್ತು. ನಮ್ಮ ಕಡೆ ಖಡಕ್ ರೊಟ್ಟಿ ಅಂದರೆ ಆಪತ್ಕಾಲದ ಬಂಧು. ತೆಳ್ಳಗೆ ಬಡಿದು, ಸುಟ್ಟು, ಹಪ್ಪಳದ ಹಾಗೆ ಒಣಗಿಸಿ, ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಅಲ್ಲಾಡುವುದಿಲ್ಲ. ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಅನಿರೀಕ್ಷಿತ ನೆಂಟರಾಗಲಿ, ರೊಟ್ಟಿಯ ಬುಟ್ಟಿ ಇದ್ದರೆ ಹೆಂಗಸರ ಎದೆ ಗಟ್ಟಿ. ಅವ್ವ ಮೇ ತಿಂಗಳ ಕೊನೆಯ ವಾರವೆಲ್ಲ ಬಡಿದಳು. ಅವಳ ತಟಪಟ ಸದ್ದಿಗೆ ಅಕ್ಕ ಮೇಲೆ ಬಂದು, ಅಷ್ಟೆತ್ತರದ ಎರಡು ರಾಶಿ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ, "ಇದ್ನ ಬಟ್ಟೆ ಮುಚ್ಚಿ ಇಟ್ರೆ ಇಲ್ಲಿ ಉಳೂದಿಲ್ಲ ಅಮ್ಮ, ಡಬ್ಬಿಗೆ ಹಾಕಿ. ನನ್ನ ಅಟ್ಟದ ಮೇಲೆ ಜಾಗ ಮಾಡಿ ಕೊಡ್ತೆ" ಅಂದರು. ಅವ್ವ ನಕ್ಕು, "ಐವತ್ತ ವರ್ಷ ಆತು ರೊಟ್ಟಿ ಬಡ್ಯಾಕತ್ತಿ" ಅಂದಳು. ಅಟ್ಟದ ಮೇಲೆ ಒಣಮೀನು ಇತ್ತೆನ್ನುವುದೂ ಮೀನು ಮುಟ್ಟದ ಅವಳ ಮನಸ್ಸಿನಲ್ಲಿದ್ದಿರಬೇಕು. ಆ ವಾಸನೆ ಮೇಲೆ ಬಂದಾಗೆಲ್ಲ ಅವಳು ಏನೂ ಆಗಿಲ್ಲವೆಂಬಂತೆ ಮುಖ ಮಾಡಿ ಊದುಬತ್ತಿ ಹಚ್ಚುತ್ತಿದ್ದಳು.

ಜೂನ್ ಬಂತು. ಅಕ್ಕ ಹೇಳಿದ್ದು ಅಕ್ಷರಶಃ ಸತ್ಯ. ಮಳೆ ಬಾಗಿಲು ತೆಗೆದರೆ ಒಳಗೇ ಬರುತ್ತಿತ್ತು, ಹಾಕಿದರೆ ಕಿಟಕಿಯಿಂದ ಬರುತ್ತಿತ್ತು. ಕರೆಂಟು ಸಂಜೆ ಹೋದರೆ ಮರುದಿನ ಮಧ್ಯಾಹ್ನಕ್ಕೆ ತಲೆ ಹಾಕುತ್ತಿತ್ತು. ನಾನು ನನ್ನ ತುರ್ತು ಪೆಟ್ಟಿಗೆ ತೆರೆದೆ. ಬೆಂಕಿಕಡ್ಡಿಗಳು ಗೀರಿದರೆ ತಲೆ ಉದುರಿಸಿಕೊಂಡವು. ಸೆಲ್ಲುಗಳಿಗೆ ಹಸಿರು ಹಿಡಿದಿತ್ತು. ಜೆರಾಕ್ಸಿನಲ್ಲಿದ್ದ ನನ್ನ ಮುಖಕ್ಕೆ ಬೂಸ್ಟು ಬಂದಿತ್ತು. ಇಡೀ ಪೆಟ್ಟಿಗೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಆ ಸೀಟಿ ಒಂದೇ. ಸಿಟ್ಟು ಬಂದು ಒಮ್ಮೆ ಊದಿದೆ. ಕೆಳಗಿನಿಂದ ಅಕ್ಕ, "ಎಂತ ಬೇಕು ಮೇಡಮ್?" ಅಂದರು. ಬೆಂಕಿಪೊಟ್ಟಣ ಅಂದೆ. ಅಕ್ಕಿಯ ಹುಡಿ ಮೆತ್ತಿದ್ದ ಪೊಟ್ಟಣ ಮೇಲೆ ಬಂತು, ಮೊದಲ ಗೀರಿಗೇ ಹೊತ್ತಿತು.

ನನ್ನದು ನಗೆಪಾಟಲಾಗಿದ್ದಕ್ಕೆ ನನಗೆ ಬೇಜಾರಿರಲಿಲ್ಲ. ಬೇಜಾರಾದದ್ದು ಅವ್ವ ರೊಟ್ಟಿಯ ಬಟ್ಟೆ ಸರಿಸಿದ ದಿನ. ಮುರಿಯಲು ಹೋದಳು, ಅದು ಮುರಿಯಲಿಲ್ಲ. ಕರವಸ್ತ್ರದ ಹಾಗೆ ಮಡಚಿಕೊಂಡಿತು. ಕೆಳಗಿನವುಗಳಿಗೆ ಬಿಳಿಯ ಬೂಸ್ಟು, ಇನ್ನೂ ಕೆಳಗಿನವುಗಳಿಗೆ ಹಸಿರು. ಅವ್ವ ಎರಡು ರಾಶಿಯನ್ನೂ ಸೆರಗಿನಲ್ಲಿ ಹೊತ್ತುಕೊಂಡು ಹೋಗಿ ಹಿತ್ತಿಲ ಹೊಂಡದಲ್ಲಿ ಹಾಕಿ ಬಂದಳು. ಆಮೇಲೆ ಕೈಕಾಲು ತೊಳೆದು, ಬಾಗಿಲ ಹತ್ತಿರ ಹೋಗಿ ಕಂದು ಬ್ಯಾಗಿನ ಮೇಲೆ ಕೂತಿದ್ದ ತೇವವನ್ನು ಸೆರಗಿನಿಂದ ಒರೆಸಿದಳು.

"ನನ್ನ ಶಾಣ್ಯಾತನ ಈ ಊರಾಗ ನಡಿಯಂಗಿಲ್ಲವಾ" ಅಂದಳು. "ಪಂಚಮಿಗೆ ಟಿಕೀಟ ತಗದ ಇಡು."

ನಾನು ಸಮಾಧಾನ ಹೇಳಲು ಹೋಗಿ ಬೈಸಿಕೊಂಡೆ. ಅಂದಿನಿಂದ ಅವಳು ಈ ಮನೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕೂತಳು. ದಿನ ಬಳಕೆಯ ಮೂರು ಸೀರೆ ಒಂದೂ ಒಣಗುತ್ತಿರಲಿಲ್ಲ. ಅಡಿಗೆಮನೆಯ ಹಗ್ಗದ ಮೇಲೆ ನೇತಾಡಿ ಮುಗ್ಗಲು ನಾರುತ್ತಿದ್ದವು. ಬ್ಯಾಗಿನಿಂದ ಒಂದಾದರೂ ತೆಗೆದು ಉಟ್ಟುಕೋ ಎಂದು ಗೋಗರೆದೆ. "ಅವು ಊರಿಗಿ ಹೋಗೂವು" ಅಂದು ಒದ್ದೆ ಸೀರೆಯನ್ನೇ ಉಟ್ಟು ಕೆಮ್ಮಿದಳು. ಬ್ಯಾಗು ತೆರೆದರೆ ಇಲ್ಲಿ ಉಳಿದ ಹಾಗೆ, ಅದು ಇಬ್ಬರಿಗೂ ಗೊತ್ತಿತ್ತು.

ಈ ನಡುವೆ ಕೆಳಗಿನ ಮನೆಗೆ ಅಕ್ಕನ ಮಗಳು ಚೊಚ್ಚಲ ಹೆರಿಗೆಗೆಂದು ಹೆಬಳೆಯಿಂದ ಬಂದಿದ್ದಳು. ದಿನ ಇನ್ನೂ ಇತ್ತು. ಮಗುವಿಗೆ ಬಟ್ಟೆಗಿಟ್ಟೆ ತಂದಾಯಿತಾ ಎಂದು ನಾನು ಪಟ್ಟಿ ಮಾಡುವವಳ ಹುಮ್ಮಸ್ಸಿನಲ್ಲಿ ಕೇಳಿದೆ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. "ಹುಟ್ಟೂಕಿಂತ ಮೊದ್ಲು ತಂದಿಡೂಕಾಗ. ಹುಟ್ಟಿದ್ ಮೇಲೆ ಎಲ್ಲ ಆತದೆ." ಅವ್ವನೂ ನನ್ನನ್ನು ಗದರಿಸಿದಳು, ನಮ್ಮ ಕಡೆಯೂ ಅದೇ ಪದ್ಧತಿ. ಇಬ್ಬರೂ ಒಂದೇ ಪಕ್ಷವಾದದ್ದು ಅದೇ ಮೊದಲು. ನಾಲ್ಕು ತಿಂಗಳ ಮಳೆಗೆ ಉಪ್ಪಿನ ಹರಳು ಸಮೇತ ಕೂಡಿಟ್ಟ ಅಕ್ಕ, ಬರುವ ಮೊಮ್ಮಗುವಿಗೆ ಒಂದು ತುಂಡು ಬಟ್ಟೆಯನ್ನೂ ತೆಗೆದಿಟ್ಟಿರಲಿಲ್ಲ.

ಕೂಸು ಇವರ ಪದ್ಧತಿಗೆ ಕಾಯಲಿಲ್ಲ. ಮೂರು ವಾರ ಮೊದಲೇ, ಜುಲೈ ತಿಂಗಳ ಜಡಿಮಳೆಯಲ್ಲಿ, ಹೊನ್ನಾವರದ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಆರೋಗ್ಯವಾಗಿತ್ತು, ಆದರೆ ಸಣ್ಣದು, ಅಂಗೈಯಷ್ಟು ಮುಖ. ಮೈ ಬೆಚ್ಚಗಿರಲಿ, ಒದ್ದೆಯಲ್ಲಿ ಒಂದು ಗಳಿಗೆಯೂ ಮಲಗಿಸಬೇಡಿ ಎಂದು ಒತ್ತಿ ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಅಕ್ಕ ಹಳೆಯ ಪಂಚೆ, ಹಳೆಯ ಸೀರೆ ಹರಿದು ಹದಿನೈದು ತುಂಡು ಮಾಡಿ, ಒಗೆದು ಒಲೆಯ ಮೇಲಿನ ಅಟ್ಟದ ಕೆಳಗೆ ಸಾಲಾಗಿ ಹರವಿದರು. ಒಲೆ ಉರಿಯುತ್ತಿರುವವರೆಗೆ ಎಲ್ಲ ಸರಿಯಾಗಿತ್ತು.

ಕೂಸು ಮನೆಗೆ ಬಂದ ಮೂರನೆಯ ದಿನ ಬೆಳಗ್ಗೆ ಹಿತ್ತಿಲ ಹಳ್ಳ ಗದ್ದೆ ತುಂಬಿ, ಅಂಗಳ ತುಂಬಿ, ಅಕ್ಕನ ಹೊಸಿಲು ದಾಟಿತು. ಹಿಂದಿನ ಅಡಿಗೆಮನೆಯಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು. ಅಟ್ಟದ ಮೇಲಿನ ತೆಂಗಿನಕಾಯಿ, ಈರುಳ್ಳಿ, ಒಣಮೀನು ಎಲ್ಲ ಮಹಾರಾಜರ ಹಾಗೆ ಬೆಚ್ಚಗೆ ಕೂತಿದ್ದವು. ಕೆಳಗೆ ಒಲೆ ಆರಿಹೋಗಿತ್ತು, ಬಟ್ಟೆಯ ಟ್ರಂಕು ನೀರಲ್ಲಿ ನಿಂತಿತ್ತು. ಕೂಸನ್ನು ಎದೆಗವಚಿಕೊಂಡು ಅಕ್ಕ, ಗೋಡೆ ಹಿಡಿದುಕೊಂಡು ಬಾಣಂತಿ, ಇಬ್ಬರೂ ನಮ್ಮ ಮಹಡಿ ಹತ್ತಿ ಬಂದರು. ಭಟ್ಕಳದಿಂದ ಯಜಮಾನರು ಬರಲು ಹೆದ್ದಾರಿಯ ಮೇಲೇ ನೀರು.

ಕೂಸಿಗೆ ಸುತ್ತಿದ್ದ ಬಟ್ಟೆ ಆಗಲೇ ಒದ್ದೆ. ಜೊತೆಗೆ ತಂದ ತುಂಡುಗಳೂ ಹಸಿ. ಡೈಪರ್ ಆದರೂ ಸಿಕ್ಕೀತೆಂದು ನಾನು ಮೊಣಕಾಲು ನೀರಿನಲ್ಲಿ ಮೆಡಿಕಲ್ ಶಾಪಿನವರೆಗೆ ಹೋದೆ, ಬಾಗಿಲು ಹಾಕಿತ್ತು. ತಿರುಗಿ ಬಂದಾಗ ಅವ್ವ ಗ್ಯಾಸ್ ಒಲೆಯ ಮೇಲೆ ಕಾವಲಿ ಇಟ್ಟು, ಬಟ್ಟೆಯನ್ನು ರೊಟ್ಟಿ ಸುಟ್ಟ ಹಾಗೆ ಆಚೀಚೆ ಮಗುಚುತ್ತಿದ್ದಳು. ಒಂದು ಒಣಗುವಷ್ಟರಲ್ಲಿ ಕೂಸು ಎರಡು ಒದ್ದೆ ಮಾಡುತ್ತಿತ್ತು. ನನ್ನ ಟವೆಲ್ಲು, ಬೆಡ್‌ಶೀಟು ಮುಟ್ಟಿ ನೋಡಿದೆ, ಎಲ್ಲ ತಣ್ಣಗೆ, ಅಂಟಂಟು. ಅಕ್ಕ ಕೂಸಿನ ಪಾದ ಉಜ್ಜುತ್ತಲೇ ಇದ್ದರು. "ತಣ್ಣಗಾತಾ ಇದೆ" ಅಂದರು. ಇಡೀ ಊರಿಗೆ ಬುದ್ಧಿ ಹೇಳುವ ಅಕ್ಕನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಎಲ್ಲ ಮಾಡಿಟ್ಟೆ ಅಮ್ಮ, ಎಲ್ಲ ಮಾಡಿಟ್ಟೆ. ಇದೊಂದು ಮಾಡ್ಲಿಲ್ಲ" ಎಂದು ಅತ್ತುಬಿಟ್ಟರು. ನನಗೆ ನಿಜವಾಗಿ ಭಯವಾಯಿತು.

ಅವ್ವ ಗ್ಯಾಸ್ ಸಣ್ಣಗೆ ಮಾಡಿದಳು. ಎದ್ದು ಹೋಗಿ ಸ್ಟೂಲಿನ ಮೇಲಿನ ಕಂದು ಬ್ಯಾಗು ಎತ್ತಿ ತಂದು ನಡುಮನೆಯಲ್ಲಿ ಇಟ್ಟಳು. ಜಿಪ್ಪೆಳೆದಳು.

ಬೇವಿನೆಲೆಯ ಕಹಿ ವಾಸನೆ, ಅದರ ಜೊತೆ ನಮ್ಮ ಊರಿನ ಬಿಸಿಲ ವಾಸನೆ ಮನೆಯೊಳಗೆ ಬಂತು. ನಾನು ಕೈಯಿಟ್ಟು ನೋಡಿದೆ. ಒಳಗೆ ಎಲ್ಲ ಗರಿಗರಿ. ಎರಡು ತಿಂಗಳಿಂದ ನನ್ನ ಕೈ ಅಷ್ಟು ಒಣಗಿದ ವಸ್ತುವನ್ನು ಮುಟ್ಟಿರಲಿಲ್ಲ. ಒಳ್ಳೆಯ ಸೀರೆಗಳೆಂದು ಅವಳು ಹೇಳುತ್ತಿದ್ದುದು ರೇಷ್ಮೆಯೇನಲ್ಲ, ಒಗೆದೊಗೆದು ಬೆಣ್ಣೆಯಾದ ನೂಲಿನ ಸೀರೆಗಳು, ಅಪ್ಪ ಇದ್ದಾಗ ತಂದುಕೊಟ್ಟವೂ ಅದರಲ್ಲಿದ್ದವು. ಅವ್ವ ಮೊದಲನೆಯದನ್ನು ತೆಗೆದು, ಅಂಚನ್ನು ಹಲ್ಲಿನಿಂದ ಕಚ್ಚಿ, ಪರ್ ಎಂದು ಹರಿದಳು.

"ಅಮ್ಮಾ, ಬೇಡ, ನಿಮ್ಮ ಊರಿಗೆ ಹೋಗೂ ಸೀರೆ" ಅಂದರು ಅಕ್ಕ.

"ಸುಮ್ನ ಹಿಡಿ ಆಕಡಿ ತುದಿ" ಅಂದಳು ಅವ್ವ.

ಇಬ್ಬರೂ ಎದುರುಬದುರು ಕೂತು ಎಳೆದೆಳೆದು ಹರಿದರು. ಒಂದು ತುಂಡಿನಲ್ಲಿ ಕೂಸಿನ ಮೈ ಒರೆಸಿ, ಇನ್ನೊಂದನ್ನು ಮೂರು ಮಡಿಕೆ ಮಾಡಿ ಸುತ್ತಿ, ಮತ್ತೊಂದು ತಲೆಗೆ ಕಟ್ಟಿ ತಾಯಿಯ ಎದೆಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಅಕ್ಕ ಪಾದ ಮುಟ್ಟಿ ನೋಡಿ, "ಬೆಚ್ಚಗಾತು" ಅಂದರು. ನಾನು ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಂದಿಷ್ಟು ಅತ್ತು ಬಂದೆ.

ನೀರು ಇಳಿಯಲು ಎರಡು ದಿನ ಬೇಕಾಯಿತು. ಹಿತ್ತಿಲ ತಗ್ಗಿನ ಬಾವಿಗೆ ಹಳ್ಳದ ನೀರು ಹೊಕ್ಕು ಚಹಾದ ಬಣ್ಣಕ್ಕೆ ತಿರುಗಿತ್ತು. ಬಾಣಂತಿಗೆ ಕುಡಿಯಲು, ಕೂಸಿನ ಮೈ ಒರೆಸಲು, ನಮ್ಮೆಲ್ಲರ ಗಂಜಿಗೆ ಆದದ್ದು ನೀಲಿ ಡ್ರಮ್ಮಿನ ನೀರು. ಪ್ರತಿ ಸಲ ಮುಚ್ಚಳ ತೆಗೆಯುವಾಗಲೂ ಅವ್ವ ಬೇಕಂತಲೇ ಸದ್ದು ಮಾಡುತ್ತಿದ್ದಳು. ಅಕ್ಕ ಮೂರನೆಯ ಸಲ ಕೈಮುಗಿದು, "ಆತು ಅಮ್ಮ, ನಾ ಇನ್ನು ನಗೂದಿಲ್ಲ" ಎಂದು ಶರಣಾದರು. ಗಂಜಿಗೆ ಅಟ್ಟದಿಂದ ಬಂದ ಸಿಹಿ ಈರುಳ್ಳಿ, ಉಪ್ಪಿನ ಮಾವಿನಕಾಯಿ. ಒಣಮೀನಿನ ಡಬ್ಬಿಯನ್ನು ಮಾತ್ರ ಅಕ್ಕ ಮರ್ಯಾದೆಯಿಂದ ಕೆಳಗೇ ಬಿಟ್ಟಿದ್ದರು. ಬಾಣಂತಿಯ ಮುಖ ನೋಡಿ ಅವ್ವನೇ, "ತಿನ್ನೂದಿದ್ರ ತರ್ರಿ, ನಾ ಆಕಡಿ ಮಾರಿ ಮಾಡಿ ಕುಂದರ್ತೀನಿ" ಅಂದಳು.

ಆಮೇಲೆ ಕೆಳಗಿನ ಮನೆ ತೊಳೆದು, ಒಲೆ ಹೊತ್ತಿಸಿ, ಅವರು ಇಳಿದು ಹೋದರು. ಅವ್ವ ದಿನವೂ ಬೆಳಗ್ಗೆ ಇಳಿದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ ಬರುತ್ತಿದ್ದಳು. ಕೆಮ್ಮು ಕಡಿಮೆಯಾಗಿತ್ತು. ಅಕ್ಕನ ಅಟ್ಟದ ಕೆಳಗೆ ಒಲೆಯ ಕಾವಿನಲ್ಲಿ ಅವಳ ಮೂರು ಸೀರೆಗಳಿಗೂ ಈಗ ಜಾಗ ಸಿಕ್ಕಿತ್ತು. ಊರಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲ ಪಕ್ಕದ ಸ್ಟೂಲು ಖಾಲಿ ಇತ್ತು. ಆದರೆ ಪಂಚಮಿ ಹತ್ತಿರ ಬಂದಂತೆ ನನಗೆ ಒಳಗೊಳಗೇ ಕಸಿವಿಸಿ. ಕೊನೆಗೆ ಒಂದು ವಾರ ಉಳಿದಾಗ ತಡೆಯದೆ ಕೇಳಿಯೇಬಿಟ್ಟೆ.

"ಅವ್ವಾ, ವಿಜಯಪುರದ ಬಸ್ಸಿಗೆ ಟಿಕೀಟ ಮಾಡ್ಲಿ?"

ಅವ್ವ ಶೇಂಗಾ ಹುರಿಯುತ್ತಿದ್ದಳು, ಪಂಚಮಿಯ ಉಂಡೆಗೆ. ತಲೆ ಎತ್ತಲಿಲ್ಲ.

"ಏನ ಉಟಗೊಂಡ ಹೋಗ್ಲಿ? ನನ್ನ ಸೀರಿ ಎಲ್ಲಾ ಆ ಕೂಸು ಉಟಗೊಂಡ ಮಲಗೇತಿ."

ಹೊಸ ಸೀರೆ ತಂದುಕೊಡುತ್ತೇನೆ ಎಂಬ ದಡ್ಡ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವ್ವ ಶೇಂಗಾ ಮೊರಕ್ಕೆ ಸುರಿದು, ಸಿಪ್ಪೆ ಊದುತ್ತಾ ಹೇಳಿದಳು.

"ನಾಳಿ ಕುಮಟಾದಿಂದ ಬರುವಾಗ ಮುಚ್ಚಳ ಬಿಗಿ ಇರೂ ಡಬ್ಬಿ ಎರಡು ತಾ, ದೊಡ್ಡೂವು. ಬರೂ ವರ್ಷ ರೊಟ್ಟಿ ಅಟ್ಟದ ಮ್ಯಾಲ ಇಡೂದು. ಆಕಿ ಜಾಗ ಮಾಡಿ ಕೊಡ್ತಾಳಂತ."